ಅಮ್ಮನ ಆಪರೇಷನ್ನಿಗೆ ಅಡುಗೆಮನೆ ರೆಡಿ ಮಾಡಬೇಕಾದವರು ಯಾರು?

1/9

ಫೋಟೋದಲ್ಲಿರೋದು ಏನು ಗೊತ್ತಾ? ಕ್ಲಾಸ್ ಗ್ರೂಪಲ್ಲಿ ಹಾಕಿದಾಗ ಒಬ್ಬ ‘ದೀಪಾನಾ?’ ಅಂದ. ಇನ್ನೊಬ್ಳು ‘ಕುಂಕುಮದ ಬಟ್ಟಲು’ ಅಂದ್ಳು. ಇದು ಒಳಲೆ. ಎಳೆ ಮಕ್ಕಳಿಗೆ ಹಾಲು, ಔಷಧಿ ಕುಡಿಸೋ ಬೆಳ್ಳಿ ಬಟ್ಟಲು, ಒಂದು ಕಡೆ ಮೂತಿ ಇರತ್ತೆ. ನನಗೂ ತಂಗಿಗೂ ಇದರಲ್ಲೇ ಕುಡಿಸಿದ್ದು. ಎಷ್ಟೋ ವರ್ಷ ಬೀರುವಿನಲ್ಲಿ ಮಲಗಿದ್ದನ್ನ ಅಜ್ಜಿ ಹೋದ ವರ್ಷ ಹೊರಗೆ ತೆಗೆದ್ರು. ಈ ಸಲ ಅದು ಅಮ್ಮನಿಗೆ.

ಅಮ್ಮಂಗೆ ತೂಕ ಇಳಿಸೋ ಆಪರೇಷನ್ ಆಯ್ತು. ಬೇರಿಯಾಟ್ರಿಕ್ ಸರ್ಜರಿ ಅಂತಾರಲ್ಲ, ಅದು. ಮೊದಲ ವಾರಗಳಲ್ಲಿ ಒಂದು ಸಲಕ್ಕೆ ಒಂದು ಗುಟುಕು, ಅಷ್ಟೇ ಇಳಿಯೋದು. ಲೋಟ ಕೊಟ್ರೆ ಅಭ್ಯಾಸಬಲದಿಂದ ಗಟಗಟ ಕುಡಿದುಬಿಡ್ತಾಳೆ, ಒಳಲೆ ಕೊಟ್ರೆ ನಿಧಾನ ಆಗತ್ತೆ. ಇದು ಡಾಕ್ಟರ್ ಹೇಳಿದ್ದಲ್ಲ. ಅಜ್ಜಿಗೆ ಹೊಳೆದಿದ್ದು.

ಆಪರೇಷನ್‌ಗೆ ಮೊದಲು ಅಡುಗೆಮನೆ ರೆಡಿ ಮಾಡ್ಕೊಳ್ಳೋದು ಹೇಗೆ ಅಂತ ರೀಲ್ಸ್ ತುಂಬಾ ಇವೆ. ನಾನೂ ನೋಡಿದೆ. ಲಿಸ್ಟ್ ಮಾಡಿದೆ. ಡಬ್ಬ ತಂದೆ, ಪೌಡರ್ ತಂದೆ, ಲೇಬಲ್ ಅಂಟಿಸಿದೆ, ಫೋಟೋ ತೆಗೆದೆ. ನಿಮ್ಮಲ್ಲಿ ಅರ್ಧ ಜನ ಅದಕ್ಕೆ ಲೈಕೂ ಒತ್ತಿದ್ರಿ, ‘ಬೆಸ್ಟ್ ಸನ್’ ಅಂತ ಬರೆದ್ರಿ.

ಆ ಫೋಟೋ ಡಿಲೀಟ್ ಮಾಡಿದೀನಿ. ಯಾಕೆ ಅಂತ ಒಂಬತ್ತು ಭಾಗದಲ್ಲಿ ಹೇಳ್ತೀನಿ. ಅಮ್ಮನ್ನ ಕೇಳಿಯೇ ಬರೀತಿರೋದು. ಅವಳ ಮುಖ ಹಾಕಲ್ಲ, ಕೈ ಮಾತ್ರ ಕಾಣತ್ತೆ. ಎಷ್ಟು ಕೆಜಿ ಇಳಿದ್ಲು ಅಂತ ಕೇಳ್ಬೇಡಿ, ಹೇಳಲ್ಲ.

ಹೇಳ್ಬೇಕಿರೋ ಮಾತು ಒಂದೇ. ನಮ್ಮಂಥ ಮನೆಗಳಲ್ಲಿ ಪೇಷಂಟೂ ಅಡುಗೆಯವಳೂ ಒಬ್ಬಳೇ. ಹಾಗಿರುವಾಗ ‘ನಿಮ್ಮ ಅಡುಗೆಮನೆ ಸಜ್ಜು ಮಾಡಿಕೊಳ್ಳಿ’ ಅಂತ ಪೇಷಂಟಿಗೆ ಹೇಳೋದು ಅನ್ಯಾಯ. ಆ ಮಾತು ಮನೇಲಿ ಕೂತು ಉಣ್ಣೋರಿಗೆ ಹೇಳ್ಬೇಕು. ಅಂದ್ರೆ ನನಗೆ. ನಿಮಗೆ.

2/9

ಮೊದಲು ‘ಶಾರ್ಟ್‌ಕಟ್’ ಅನ್ನೋ ಪದ ಮುಗಿಸೋಣ. (ಫೋಟೋ: ಆಸ್ಪತ್ರೆಯವರು ಕೊಟ್ಟ ಹೊಟ್ಟೆಯ ಚಿತ್ರ, ಅದರ ಮೇಲೆ ತಂಗಿ ಸ್ಕೆಚ್ ಪೆನ್ನಲ್ಲಿ ಬರೆದಿದ್ದು.)

ಅಮ್ಮಂಗೆ ಆಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಚೀಲದಲ್ಲಿ ಸುಮಾರು ಮುಕ್ಕಾಲು ಭಾಗ, ಕೆಲವರಿಗೆ ಅದಕ್ಕೂ ಸ್ವಲ್ಪ ಹೆಚ್ಚು, ತೆಗೆದುಬಿಡ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ತೆಗೆದುಹಾಕೋ ಆ ಭಾಗದಲ್ಲೇ. ಅದಕ್ಕೇ ಹಸಿವೂ ತಗ್ಗತ್ತೆ. ಬೈಪಾಸ್ ಅನ್ನೋದು ಬೇರೆ ವಿಧ. ಅದರಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯೋ ಸಣ್ಣ ಚೀಲ ಮಾಡಿ, ಅದನ್ನ ನೇರವಾಗಿ ಸಣ್ಣ ಕರುಳಿಗೆ ಜೋಡಿಸ್ತಾರೆ.

ಇದು ಯಾರಿಗೆ? 1991ರಲ್ಲಿ ಅಮೆರಿಕದಲ್ಲಿ ಹಾಕಿದ ಲೆಕ್ಕ ಬಹಳ ಕಾಲ ನಡೀತು: ಬಿಎಂಐ 40 ಇರಬೇಕು, ಇಲ್ಲಾ 35 ಇದ್ದು ಜೊತೆಗೆ ದೊಡ್ಡ ಕಾಯಿಲೆ ಇರಬೇಕು. 2022ರಲ್ಲಿ ಎಎಸ್‌ಎಂಬಿಎಸ್ ಮತ್ತು ಐಎಫ್‌ಎಸ್‌ಒ ಅನ್ನೋ ಎರಡು ವೈದ್ಯ ಸಂಘಟನೆಗಳು ಅದನ್ನ ಬದಲಾಯಿಸಿದವು. ಏಷ್ಯಾದ ಜನರಿಗೆ 27.5ರಿಂದಲೇ ಈ ಆಪರೇಷನ್ ಯೋಚಿಸಬಹುದು ಅಂದವು. ಕಾರಣ, ನಮಗೆ ಕಡಿಮೆ ತೂಕದಲ್ಲೇ ಶುಗರು, ಹೃದಯದ ತೊಂದರೆ ಬರತ್ತೆ. ಅಮ್ಮಂಗೆ ಬಿಎಂಐ 39, ಶುಗರ್ ಒಂಬತ್ತು ವರ್ಷದಿಂದ, ಮಂಡಿ ಎರಡೂ ಹೋಗಿದ್ವು, ರಾತ್ರಿ ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರ್ತಿದ್ಲು.

‘ವಾಕಿಂಗ್ ಮಾಡ್ಬೋದಿತ್ತಲ್ಲ’ ಅಂದ್ರು ಚಿಕ್ಕಪ್ಪ. ಮಾಡಿದ್ಲು. ‘ರಾತ್ರಿ ಅನ್ನ ಬಿಡ್ಬೋದಿತ್ತಲ್ಲ’ ಅಂದ್ರು ಪಕ್ಕದ ಮನೆ ಆಂಟಿ. ಬಿಟ್ಟಿದ್ಲು. ಐದು ವರ್ಷದಲ್ಲಿ ಮೂರು ಸಲ ಇಳಿಸಿದ್ಲು, ಮೂರು ಸಲವೂ ವಾಪಸ್ ಬಂತು. ದೇಹ ಕಳಕೊಂಡ ತೂಕವನ್ನ ವಾಪಸ್ ಕೇಳತ್ತೆ. ಇದು ಸೋಮಾರಿತನದ ಕಥೆ ಅಂದ್ಕೊಂಡಿದ್ರೆ, ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹನ್ನೊಂದಕ್ಕೆ ಪಾತ್ರೆ ಮುಗಿಸೋ ಹೆಂಗಸನ್ನ ಒಂದು ದಿನ ನಿಂತು ನೋಡಿ.

ಇನ್ನು ಆಪರೇಷನ್ ಆದ್ಮೇಲೆ? ಜೀವನಪೂರ್ತಿ ಮಾತ್ರೆ, ಜೀವನಪೂರ್ತಿ ರಕ್ತಪರೀಕ್ಷೆ, ಜೀವನಪೂರ್ತಿ ಚಿಕ್ಕ ತಟ್ಟೆ. ಇಂಥ ಶಾರ್ಟ್‌ಕಟ್ ಯಾರಿಗ್ ಬೇಕು ಗುರು?

3/9

ತಯಾರಿ ಶುರುವಾಗೋದು ಆಪರೇಷನ್‌ಗೆ ಎರಡು ವಾರ ಮುಂಚೆ. (ಫೋಟೋ: ಆ ಹದಿನಾಲ್ಕು ದಿನದ ಚೀಟಿ, ಫ್ರಿಜ್ ಬಾಗಿಲ ಮೇಲೆ.)

ಇದಕ್ಕೆ ಲಿವರ್ ಡಯಟ್ ಅಂತಾರೆ. ಲಿವರ್ ಹೊಟ್ಟೆಯ ಮೇಲೆ ಹೊದ್ದುಕೊಂಡಿರತ್ತೆ. ಬೊಜ್ಜು ಇರೋರಲ್ಲಿ ಅದು ಊದಿ ದಪ್ಪ ಆಗಿರತ್ತೆ. ಸಣ್ಣ ತೂತುಗಳಲ್ಲಿ ಉಪಕರಣ ಹಾಕಿ ಆಪರೇಷನ್ ಮಾಡೋ ಡಾಕ್ಟರಿಗೆ ಅದನ್ನ ಎತ್ತಿ ಹಿಡಿದು ಕೆಲಸ ಮಾಡೋದು ಕಷ್ಟ. ಎರಡು ವಾರ ಅನ್ನ, ಸಕ್ಕರೆ, ಎಣ್ಣೆ ತುಂಬಾ ಕಡಿಮೆ ಮಾಡಿದ್ರೆ ಲಿವರಲ್ಲಿ ಕೂಡಿಟ್ಟ ಗ್ಲೈಕೋಜನ್, ಅದರ ಜೊತೆಗಿನ ನೀರು, ಸ್ವಲ್ಪ ಕೊಬ್ಬು ಖರ್ಚಾಗಿ ಅದು ಕುಗ್ಗತ್ತೆ. ಸಾಮಾನ್ಯವಾಗಿ ದಿನಕ್ಕೆ 800ರಿಂದ 1200 ಕ್ಯಾಲರಿ. ಅಂದ್ರೆ ಈ ಚೀಟಿ ಆಪರೇಷನ್ನಿನ ಮೊದಲ ಹೆಜ್ಜೆ.

ಒಂದು ಎಚ್ಚರಿಕೆ: ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಈ ಡಯಟ್ ಶುರು ಮಾಡೋ ಮುಂಚೆ ಡೋಸ್ ಬಗ್ಗೆ ಡಾಕ್ಟರನ್ನ ಕೇಳಲೇಬೇಕು. ಊಟ ಇಳಿಸಿ ಮಾತ್ರೆ ಹಾಗೇ ಇಟ್ರೆ ಶುಗರ್ ಬಿದ್ದುಹೋಗತ್ತೆ.

ಈಗ ನಮ್ಮನೆ ಕಥೆ. ಆ ಹದಿನಾಲ್ಕು ದಿನ ಅಮ್ಮ ತರಕಾರಿ ಸೂಪು, ಮಜ್ಜಿಗೆ, ಮೊಟ್ಟೆ ಬಿಳಿ ತಿಂದ್ಲು. ಅದೇ ಹದಿನಾಲ್ಕು ದಿನ ನಾಲ್ಕು ಜನಕ್ಕೆ ಮುದ್ದೆ ತೊಳೆಸಿದ್ಲು, ಬಸ್ಸಾರು ಕಾಯಿಸಿದ್ಲು, ತಂಗಿಗೆ ಟಿಫನ್ ಬಾಕ್ಸಿಗೆ ಪುಳಿಯೋಗರೆ ಕಲಸಿದ್ಲು. ಭಾನುವಾರ ಅಪ್ಪನ ಫ್ರೆಂಡ್ಸ್ ಬಂದಾಗ ಬೋಂಡಾ ಕರಿದ್ಲು.

ಅಡುಗೆ ಮಾಡೋರು ಉಪ್ಪು-ಹುಳಿ ನೋಡ್ಬೇಕಲ್ವಾ? ಅಂಗೈಗೆ ಒಂದು ತೊಟ್ಟು ಹಾಕಿ ನೆಕ್ಕಿ ನೋಡೋದು ಅವಳಿಗೆ ಮೂವತ್ತು ವರ್ಷದ ಅಭ್ಯಾಸ. ಹತ್ತನೇ ದಿನ ನನ್ನ ಕರೆದು ‘ಸಾರಿಗೆ ಉಪ್ಪು ಸರಿ ಇದ್ಯಾ ನೋಡೋ, ನಾನು ನೋಡಂಗಿಲ್ಲ’ ಅಂದ್ಳು. ನಾನು ಮೊಬೈಲ್ ಹಿಡ್ಕೊಂಡೇ ಬಂದು, ನೋಡಿ, ‘ಸೂಪರ್’ ಅಂದು ಹೋದೆ.

ಹಸಿದವಳಿಗೆ ಬೋಂಡಾ ಕರಿಯೋಕೆ ಬಿಟ್ಟು, ಹೊರಗೆ ಬಂದು ‘ಅಮ್ಮಂಗೆ ವಿಲ್‌ಪವರ್ ಜಾಸ್ತಿ’ ಅಂತ ಸ್ಟೇಟಸ್ ಹಾಕಿದ್ದೂ ನಾನೇ.

4/9

ಡಬ್ಬಗಳ ಜಗಳ. (ಫೋಟೋ: ನಮ್ಮನೆ ಮೇಲಿನ ಶೆಲ್ಫು, ಖಾಲಿ.)

ಆ ಶೆಲ್ಫಲ್ಲಿ ಏನಿತ್ತು ಅಂದ್ರೆ: ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಖಾರದ ಅವಲಕ್ಕಿ, ಹಪ್ಪಳ, ಸಂಡಿಗೆ, ಎರಡು ಥರ ಬಿಸ್ಕತ್ತು, ಅಪ್ಪನ ಮಿಕ್ಸ್ಚರು, ನನ್ನ ನೂಡಲ್ಸು, ತಂಗಿಯ ಚಾಕಲೇಟು. ಪಟ್ಟಿ ಗಮನಿಸಿ. ಅಮ್ಮನದು ಅನ್ನೋದು ಒಂದೂ ಇಲ್ಲ. ಮಾಡಿದ್ದು ಮಾತ್ರ ಹೆಚ್ಚುಕಮ್ಮಿ ಎಲ್ಲ ಅವಳೇ.

ಡಯಟಿಶಿಯನ್ ಹೇಳಿದ್ದು ಸರಳ: ಕಣ್ಣೆದುರು ಇಲ್ಲದ್ದು ಬಾಯಿಗೆ ಬರಲ್ಲ, ಮನೆಯಿಂದ ತೆಗೀರಿ. ಅಮ್ಮ ತೆಗೆಯೋಕೆ ಹೋದ್ರೆ ಎಲ್ರೂ ಎದ್ದು ನಿಂತ್ವಿ. ಅಜ್ಜಿ: ‘ಬಂದೋರಿಗೆ ಕೊಡೋಕೆ ಒಂದ್ ಚೂರಾದ್ರೂ ಬ್ಯಾಡ್ವಾ?’ ಅಪ್ಪ: ‘ಆಪರೇಷನ್ ನಿಂಗೆ, ನಮಗ್ಯಾಕೆ ಪಥ್ಯ?’ ನಾನು: ‘ಅಮ್ಮಾ, ನಿನ್ ಕಂಟ್ರೋಲ್ ನಿನ್ ಕೈಲಿರ್ಬೇಕು.’

ನಿಮ್ಮನೇಲೂ ಇದೇ ಆಗತ್ತೆ, ಅದಕ್ಕೆ ಉತ್ತರ ಇಲ್ಲೇ ಬರೆದಿಡ್ತೀನಿ.

ಅಜ್ಜಿಗೆ: ಬಂದೋರಿಗೆ ಕಾಫಿ, ಮಜ್ಜಿಗೆ, ಒಂದು ಬಾಳೆಹಣ್ಣು ಸಾಕು. ಮರ್ಯಾದೆ ಚಕ್ಕುಲಿ ಡಬ್ಬದಲ್ಲಿಲ್ಲ.

ಅಪ್ಪಂಗೆ: ಪಥ್ಯ ಮಾಡ್ಬೇಡಿ. ತಿನ್ನಿ. ಆದ್ರೆ ಆಫೀಸಿನ ಪಕ್ಕದ ಬೇಕರೀಲಿ ತಿಂದು ಬನ್ನಿ, ಎರಡು ತಿಂಗಳು. ಅವಳು ಹೊಟ್ಟೆಯ ಮುಕ್ಕಾಲು ಬಿಟ್ಟುಕೊಡ್ತಾಳೆ, ನಾವು ಒಂದು ಶೆಲ್ಫ್ ಬಿಡೋಕಾಗಲ್ವಾ?

ನನಗೆ: ಕಂಟ್ರೋಲ್ ಅನ್ನೋದು ದಿನಕ್ಕೊಂದ್ಸಲ ಬೇಕಾಗೋದಲ್ಲ. ಅಡುಗೆಮನೇಲಿ ಇರೋಳಿಗೆ ಡಬ್ಬ ಕಂಡಾಗೆಲ್ಲ ಬೇಕಾಗತ್ತೆ. ಎಕ್ಸಾಮ್ ದಿನ ಮೊಬೈಲನ್ನ ಬೇರೆ ರೂಮಲ್ಲಿ ಇಡೋ ನಮಗೆ ಇದು ಅರ್ಥ ಆಗ್ಬೇಕಿತ್ತು.

ಕೊನೆಗೆ ಡಬ್ಬ ಖಾಲಿ ಮಾಡಿದ್ದು ತಂಗಿ, ಹದಿನಾರು ವರ್ಷದೋಳು. ಯಾರನ್ನೂ ಕೇಳಲಿಲ್ಲ. ಚೀಲಕ್ಕೆ ತುಂಬಿ ತನ್ನ ಟ್ಯೂಷನ್ನಿಗೆ ತಗೊಂಡ್ ಹೋಗಿ ಹಂಚಿದ್ಲು. ನಮ್ಮನೇಲಿ ಇವತ್ತಿಗೂ ಅತಿ ಬುದ್ಧಿವಂತರು ಯಾರು ಅಂದ್ರೆ ನಾನು ಕೈ ಎತ್ತಲ್ಲ.

5/9

ಈಗ ಸಾಮಾನಿನ ವಿಷಯ. ಸೇವ್ ಮಾಡ್ಕೊಳ್ಳಿ. (ಫೋಟೋ: ತೆರೆಯದೇ ಉಳಿದ ಮೂರು ಪ್ರೋಟೀನ್ ಡಬ್ಬ.)

ರೀಲ್ಸಲ್ಲಿ ಬರೋ ಪಟ್ಟಿ ಬೇರೆ ದೇಶದ್ದು. ಸಕ್ಕರೆ ಇಲ್ಲದ ಜೆಲ್ಲಿ, ಗ್ರೀಕ್ ಯೋಗರ್ಟ್, ಚೀಸ್ ಕಡ್ಡಿ, ಚಿಕನ್ ಬ್ರಾತ್ ಪ್ಯಾಕೆಟ್. ಹಾಸನದಲ್ಲಿ ಕೂತು ಅದನ್ನೆಲ್ಲ ಆರ್ಡರ್ ಮಾಡಿದ ಮೂರ್ಖನ ಮಾತು ಕೇಳಿ.

ಆಪರೇಷನ್ ಆದ್ಮೇಲೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, 60ರಿಂದ 80 ಅಂತ ಸಾಮಾನ್ಯವಾಗಿ ಹೇಳ್ತಾರೆ. ಹೊಟ್ಟೆ ಹಿಡಿಯೋದು ಸಲಕ್ಕೆ ಕಾಲು ಲೋಟ. ಹಾಗಾಗಿ ಒಳಗೆ ಹೋಗೋ ಪ್ರತಿ ಚಮಚಕ್ಕೂ ಲೆಕ್ಕ ಇದೆ. ಇಲ್ಲಿ ನಮ್ಮ ಹಿರಿಯರ ನಂಬಿಕೆಗಳೂ ಎಡವತ್ತವೆ. ‘ಹುರುಳಿ ಕಟ್ಟು ಕೊಡು, ಶಕ್ತಿ ಬರತ್ತೆ’ ಅಂದ್ರು ಅಜ್ಜಿ. ಕಟ್ಟಿಗೆ ರುಚಿ ಇದೆ, ಪ್ರೋಟೀನ್ ಹೆಚ್ಚಿನದು ಕಾಳಲ್ಲೇ ಉಳಿಯತ್ತೆ. ರಾಗಿ ಅಂಬಲಿ ಒಳ್ಳೇದು, ಕ್ಯಾಲ್ಸಿಯಂ ಇದೆ, ಆದ್ರೆ 100 ಗ್ರಾಂ ರಾಗಿಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಒಂದು ಬಟ್ಟಲು ಅಂಬಲಿಗೆ ಬೀಳೋದು ಎರಡು ಚಮಚ ಹಿಟ್ಟು. ಅನ್ನದ ಗಂಜಿ ಬರೀ ಪಿಷ್ಟ.

ನಮ್ಮ ಅಂಗಡೀಲೇ ಸಿಗೋದು: ಕೆನೆ ತೆಗೆದ ಹಾಲು (200 ಎಂಎಲ್‌ಗೆ ಸುಮಾರು 7 ಗ್ರಾಂ), ಅದಕ್ಕೆ ಕಲಸೋಕೆ ಕೆನೆ ತೆಗೆದ ಹಾಲಿನ ಪುಡಿ (ಎರಡು ಚಮಚಕ್ಕೆ ಸುಮಾರು 5), ಮೊಟ್ಟೆ (ಒಂದಕ್ಕೆ 6), ಪನೀರ್ (50 ಗ್ರಾಂಗೆ 9ರ ಆಸುಪಾಸು), ಬಟ್ಟೇಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು, ಹೆಸರುಬೇಳೆ, ಸೋಯಾ. ತಿನ್ನೋರಾದ್ರೆ ಕೋಳಿ, ಮೀನು.

ಪ್ರೋಟೀನ್ ಪೌಡರ್ ಮೊದಲ ವಾರಗಳಲ್ಲಿ ಬೇಕಾಗತ್ತೆ, ಅದಿಲ್ಲದೆ 60 ಮುಟ್ಟೋದು ಕಷ್ಟ. ಆದ್ರೆ ನಾಲ್ಕು ಡಬ್ಬ ಒಟ್ಟಿಗೆ ತರಬೇಡಿ. ಆಪರೇಷನ್ ಆದ್ಮೇಲೆ ತುಂಬಾ ಜನಕ್ಕೆ ನಾಲಿಗೆ ರುಚಿ ಬದಲಾಗತ್ತೆ. ಅಮ್ಮಂಗೆ ವೆನಿಲ್ಲಾ ವಾಸನೆ ಬಂದ್ರೆ ಹೊಟ್ಟೆ ತೊಳೆಸೋದು. ಸಣ್ಣ ಪ್ಯಾಕೆಟ್ ತನ್ನಿ, ಒಗ್ಗಿದ ಮೇಲೆ ಡಬ್ಬ. ನಾನು ಕಳಕೊಂಡ ದುಡ್ಡಲ್ಲಿ ಒಂದು ತಿಂಗಳ ಹಾಲು-ಮೊಟ್ಟೆ ಬರ್ತಿತ್ತು.

6/9

ಊಟದ ಮೆಟ್ಟಿಲುಗಳು. (ಫೋಟೋ: ಒಳಲೆ, ಔಷಧಿಯ ಮುಚ್ಚಳ, ಜರಡಿ, ಮಿಕ್ಸಿಯ ಚಿಕ್ಕ ಜಾರ್.)

ಮೊದಲ ಒಂದೆರಡು ದಿನ ತಿಳಿ ನೀರಿನಂಥದ್ದು. ಆಮೇಲೆ ಸುಮಾರು ಎರಡು ವಾರದವರೆಗೆ ಹಾಲು, ಮಜ್ಜಿಗೆ, ಸೋಸಿದ ಬೇಳೆ ಥರದ ದ್ರವ. ನಂತರ ಎರಡು ವಾರ ನುಣ್ಣಗೆ ರುಬ್ಬಿದ್ದು. ಅದಾದ ಮೇಲೆ ಮೆತ್ತಗಿನದು. ಆರರಿಂದ ಎಂಟು ವಾರಕ್ಕೆ ನಿಧಾನವಾಗಿ ಮಾಮೂಲಿ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನ ವ್ಯತ್ಯಾಸ ಇರತ್ತೆ. ನಿಮ್ಮ ಡಯಟಿಶಿಯನ್ ಕೊಟ್ಟ ಚೀಟಿಯೇ ಫೈನಲ್, ನನ್ನ ಪೋಸ್ಟ್ ಅಲ್ಲ.

ನಮ್ಮ ಕಡೆ ಅಡುಗೆಯಲ್ಲಿ ಇದಕ್ಕೆ ಒಗ್ಗೋದು ಬೇಕಾದಷ್ಟಿದೆ. ಉಪ್ಸಾರಿಗೆ ಬಸಿದ ನೀರು, ಖಾರ ಹಾಕದೆ. ಒಗ್ಗರಣೆ ಇಲ್ಲದ ತಿಳಿಸಾರು, ಮೆಣಸು ಕಮ್ಮಿ. ನೀರು ಮಜ್ಜಿಗೆ. ಬೇಯಿಸಿ ರುಬ್ಬಿ ಸೋಸಿದ ಹೆಸರುಬೇಳೆ. ರುಬ್ಬೋ ಹಂತಕ್ಕೆ ಬೇಯಿಸಿದ ಮೊಟ್ಟೆ, ಪನೀರ್ ಸ್ವಲ್ಪ ಹಾಲು ಹಾಕಿ ಮಿಕ್ಸಿಗೆ.

ಒಗ್ಗದೇ ಇರೋದೂ ಇದೆ, ಅದರಲ್ಲಿ ಮೊದಲನೇದು ಮುದ್ದೆ. ಹಾಸನ, ಮಂಡ್ಯದೋರಿಗೆ ಇದು ಎದೆಗೆ ಒದ್ದಂಗೆ. ಮುದ್ದೆ ನುಂಗೋದು, ಅಗಿಯೋದಲ್ಲ. ಈ ಆಪರೇಷನ್ ಆದವರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ನೀರು ಮಾಡಿ ಇಳಿಸಬೇಕು. ನುಂಗಿದ್ದು ಆ ಸಣ್ಣ ಕೊಳವೇಲಿ ಸಿಕ್ಕಿಕೊಳ್ಳತ್ತೆ. ಮೆತ್ತಗಿನ ಅನ್ನ, ಚಪಾತಿ ಕೂಡ ಅಂಟಿ ಕೂರತ್ತೆ. ಹುಟ್ಟಿದಾಗಿಂದ ನುಂಗೋದು ಕಲಿತವಳಿಗೆ ನಲವತ್ತೇಳನೇ ವಯಸ್ಸಲ್ಲಿ ಅಗಿಯೋದು ಕಲಿಸ್ಬೇಕು.

ಊಟದ ಜೊತೆ ನೀರು ಇಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು. ಆದ್ರೆ ದಿನಕ್ಕೆ ಒಂದೂವರೆ ಲೀಟರಿಗೆ ಕಮ್ಮಿ ಆಗಂಗಿಲ್ಲ. ಲೆಕ್ಕ ಹಾಕಿ: ಗುಟುಕು ಗುಟುಕಾಗಿ ಒಂದೂವರೆ ಲೀಟರ್ ಅಂದ್ರೆ ಅದು ಇಡೀ ದಿನದ ಕೆಲಸ. ಸೋಡಾ, ಕೋಲಾ ಬೇಡವೇ ಬೇಡ.

ಹೀಗೆ ದಿನಕ್ಕೆ ಆರೇಳು ಸಲ ಬೇರೆ ಬೇರೆ ಮಾಡಿ, ರುಬ್ಬಿ, ಸೋಸಿ, ಅಳೆದು ಕೊಡ್ಬೇಕು. ಯಾರು ಕೊಡ್ತಾರೆ? ಈ ಪ್ರಶ್ನೇನ ನಾನು ಕೇಳಿಕೊಳ್ಳಲೇ ಇಲ್ಲ. ಮಿಕ್ಸಿ ಇತ್ತು, ಜರಡಿ ಇತ್ತು, ಡಬ್ಬದ ಮೇಲೆ ಲೇಬಲ್ ಇತ್ತು.

7/9

ಈ ಭಾಗಕ್ಕೆ ಫೋಟೋ ಇಲ್ಲ. ತೆಗೆಯೋ ಧೈರ್ಯ ಇರಲಿಲ್ಲ.

ಅಮ್ಮ ಮನೆಗೆ ಬಂದು ನಾಲ್ಕನೇ ಬೆಳಿಗ್ಗೆ. ರಾತ್ರಿ ಮ್ಯಾಚ್ ನೋಡಿ ಮಲಗಿದ್ದೆ, ಎದ್ದಾಗ ಎಂಟು. ಅಡುಗೆಮನೇಲಿ ಸದ್ದು. ಹೋಗಿ ನೋಡಿದ್ರೆ ಅಮ್ಮ ಒಲೆ ಮುಂದೆ. ಎಡಗೈ ಹೊಟ್ಟೆ ಮೇಲೆ ಒತ್ತಿ ಹಿಡಿದಿದ್ಲು, ಬಲಗೈಲಿ ರವೆ ಹುರೀತಿದ್ಲು. ಉಪ್ಪಿಟ್ಟಿಗೆ. ಪಕ್ಕದಲ್ಲಿ ಅಪ್ಪನ ಟೀ ಸೋಸಿಟ್ಟಿತ್ತು, ತಂಗಿಯ ಟಿಫನ್ ಬಾಕ್ಸ್ ತೊಳೆದು ಬೋರಲು ಹಾಕಿತ್ತು.

‘ಯಾಕಮ್ಮಾ?’ ಅಂದೆ. ‘ಎಲ್ರಿಗೂ ಹಸಿವಾಗಿತ್ತಲ್ಲ’ ಅಂದ್ಳು.

ಅವಳಿಗೆ ಯಾರೂ ‘ಮಾಡು’ ಅಂದಿರಲಿಲ್ಲ. ಅದನ್ನೇ ಆಮೇಲೆ ಅಪ್ಪ ನೂರು ಸಲ ಹೇಳಿದ್ರು, ‘ನಾನು ಮಾಡು ಅಂತ ಹೇಳ್ಲಿಲ್ಲ’ ಅಂತ. ಹೌದು. ಹೇಳ್ಲಿಲ್ಲ. ಹೇಳೋ ಅಗತ್ಯ ಯಾವತ್ತೂ ಬಂದಿರಲಿಲ್ಲ. ‘ತಿಂಡಿ ಏನು?’ ಅಂತ ಗಾಳೀಲಿ ಒಂದು ಮಾತು ತೇಲಿಬಿಟ್ರೆ ಸಾಕು, ಅದು ಇಪ್ಪತ್ತೈದು ವರ್ಷದಿಂದ ಸರಿಯಾದ ಕಡೆಗೇ ಹೋಗಿ ಮುಟ್ಟತ್ತೆ.

ನಮ್ಮ ತಿಂಡಿ ಆಯ್ತು. ಅವಳ ಫ್ಲಾಸ್ಕ್ ಖಾಲಿ ಇತ್ತು, ಯಾರೂ ತುಂಬಿರಲಿಲ್ಲ. ಬೆಳಿಗ್ಗೆಯಿಂದ ಒಂದು ಗುಟುಕೂ ಹೋಗಿರಲಿಲ್ಲ ಅಂತ ಗೊತ್ತಾಗಿದ್ದು ಮಧ್ಯಾಹ್ನ, ಬಚ್ಚಲ ಬಾಗಿಲು ಹಿಡ್ಕೊಂಡು ಕುಸಿದಾಗ. ತುಟಿ ಒಣಗಿತ್ತು, ಮೂತ್ರ ಗಾಢ ಹಳದಿ. ಆಸ್ಪತ್ರೆಗೆ ಫೋನ್ ಮಾಡಿದ್ವಿ, ‘ಕರ್ಕೊಂಡ್ ಬನ್ನಿ’ ಅಂದ್ರು. ಒಂದು ರಾತ್ರಿ ಡ್ರಿಪ್. ಈ ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರೋ ಸಾಮಾನ್ಯ ಕಾರಣಗಳಲ್ಲಿ ಮೈಯಲ್ಲಿ ನೀರು ಕಮ್ಮಿ ಆಗೋದೂ ಒಂದು. ನರ್ಸ್ ಕೇಳಿದ್ರು: ‘ಮನೇಲಿ ಯಾರು ನೋಡ್ಕೊಳ್ತಿದೀರ?’ ನಾನು, ಅಪ್ಪ ಇಬ್ಬರೂ ಸುಮ್ಮನೆ ನಿಂತ್ವಿ.

ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಅಂತ ಒಂದಿದೆ. 2019ರಲ್ಲಿ, ಸಂಬಳ ಇಲ್ಲದ ಮನೆಗೆಲಸ ಮಾಡೋರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರು 289, ಗಂಡಸರು 88. ಐದು ವರ್ಷದಲ್ಲಿ ನಾವು ಗಂಡಸರು ಇನ್ನೂ ಒಂಬತ್ತು ನಿಮಿಷ ಉಳಿಸ್ಕೊಂಡಿದೀವಿ. ಆ ಅಂಕಿ ನೋಡಿದಾಗ ನನಗೆ ಕಂಡಿದ್ದು ದೇಶ ಅಲ್ಲ, ರವೆ ಹುರಿಯೋ ಕೈ.

8/9

ಈಗ ನಿಜವಾದ ಪಟ್ಟಿ. ಇದರಲ್ಲಿ ಕೊಳ್ಳೋದು ಕಮ್ಮಿ, ಕಲಿಯೋದು ಜಾಸ್ತಿ. ಆಪರೇಷನ್‌ಗೆ ಒಂದು ತಿಂಗಳು ಮುಂಚೆ ಶುರು ಮಾಡಿ. (ಫೋಟೋ: ಅಪ್ಪನ ಕೈಬರಹ, ಫ್ರಿಜ್ ಮೇಲೆ.)

1. ಮನೇಲಿ ಇಬ್ಬರಾದ್ರೂ ಅನ್ನ, ಸಾರು, ಉಪ್ಪಿಟ್ಟು, ಚಪಾತಿ ಮಾಡೋದು ಕಲೀರಿ. ಪೇಷಂಟ್ ಎದುರು ಕೂತು ಹೇಳಿಕೊಡೋಕೆ ಆಗೋವಾಗಲೇ. ಲಿವರ್ ಡಯಟ್ ಶುರುವಾದ ದಿನದಿಂದ ಒಲೆ ನಿಮ್ಮದು.

2. ಯಾವ ಡಬ್ಬದಲ್ಲಿ ಏನಿದೆ ಅಂತ ನೀವು ಬರೆದುಕೊಳ್ಳಿ. ‘ಅಮ್ಮಾ, ಜೀರಿಗೆ ಎಲ್ಲಿ?’ ಅಂದ ತಕ್ಷಣ ಅವಳು ಎದ್ದು ಬರ್ತಾಳೆ.

3. ಭಾರ ಎತ್ತೋದು ಹಲವು ವಾರ ನಿಷಿದ್ಧ. ಮನೆಯ ಸಿಲಿಂಡರ್ ಅಂದ್ರೆ 14.2 ಕೆಜಿ ಗ್ಯಾಸ್, ಮೇಲೆ ಕಬ್ಬಿಣದ ತೂಕ. ಸಿಲಿಂಡರ್ ಬದಲಾಯಿಸೋದು, ನೀರಿನ ಕ್ಯಾನ್ ಬೋರಲು ಹಾಕೋದು, ಗ್ರೈಂಡರ್ ತೊಳೆಯೋದು, ತುಂಬಿದ ಕುಕ್ಕರ್ ಇಳಿಸೋದು ಯಾರು ಅಂತ ಹೆಸರು ಬರೀರಿ. ದಿನಾ ಬೇಕಾಗೋ ಪಾತ್ರೆ ಬಗ್ಗದೆ, ಕೈ ಮೇಲೆತ್ತದೆ ಸಿಗೋ ಎತ್ತರಕ್ಕೆ ಇಡಿ.

4. ಫ್ಲಾಸ್ಕಿಗೆ ಒಬ್ಬರು ಜವಾಬ್ದಾರಿ. ಎಷ್ಟು ಎಂಎಲ್ ಒಳಗೆ ಹೋಯ್ತು ಅಂತ ಚೀಟಿ. ನಮ್ಮನೇಲಿ ಇದು ಅಪ್ಪನ ಕೆಲಸ ಆಯ್ತು. ಆಫೀಸಿನ ರಿಜಿಸ್ಟರ್ ಥರ ಗೆರೆ ಎಳೆದು ಬರೆದ್ರು.

5. ಮಾತ್ರೆ ಡಬ್ಬ. ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲ ಡಾಕ್ಟರ್ ಹೇಳಿದಷ್ಟು, ನಿಲ್ಲಿಸಂಗಿಲ್ಲ. ಐರನ್ನೂ ಕ್ಯಾಲ್ಸಿಯಮ್ಮೂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ. ಐರನ್ ಜೊತೆ ಕಾಫಿ-ಟೀ ಬೇಡ.

6. ಅಡುಗೆಮನೆ ಡ್ರಾಯರಲ್ಲಿ ತಲೆನೋವಿಗೆ ಅಂತ ಇಟ್ಟಿರೋ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತೆಗೆದುಬಿಡಿ. ಹೊಟ್ಟೇಲಿ ಹುಣ್ಣು ಮಾಡತ್ತೆ. ಯಾವುದು ತಗೋಬಹುದು ಅಂತ ಡಾಕ್ಟರನ್ನ ಕೇಳಿ.

7. ಫ್ರಿಜ್ ಬಾಗಿಲ ಮೇಲೆ ಆಸ್ಪತ್ರೆಯ ನಂಬರು. ಜ್ವರ, ಎದೆಬಡಿತ ಜೋರಾಗೋದು, ತಡೆಯಕ್ಕಾಗದ ಹೊಟ್ಟೆನೋವು, ನಿಲ್ಲದ ವಾಂತಿ, ನೀರೂ ಇಳಿಯದೇ ಇರೋದು: ಯಾವುದು ಬಂದ್ರೂ ‘ನಾಳೆ ನೋಡೋಣ’ ಬೇಡ. ವಾಂತಿ ದಿನಗಟ್ಟಲೆ ನಡೆದ್ರೆ ಬಿ1 ವಿಟಮಿನ್ ಖಾಲಿಯಾಗಿ ನರ, ಮೆದುಳಿಗೆ ಪೆಟ್ಟು ಬೀಳತ್ತೆ.

8. ‘ಇನ್ನೊಂದು ತುತ್ತು’ ಅನ್ನೋ ಮಾತು ಮನೇಲಿ ನಿಷೇಧ. ನೆಂಟರಿಗೂ ಅನ್ವಯ.

9/9

ಕೊನೇ ಭಾಗ. ನಿಮ್ಮ ಮೆಸೇಜುಗಳಿಗೆ ಉತ್ತರ. (ಫೋಟೋ: ಅಮ್ಮನ ತಟ್ಟೆ, ಈಗಿನದು. ಕಾಫಿ ಸಾಸರ್ ಅದು.)

‘ಅಡುಗೆಯವರನ್ನ ಇಟ್ಕೋಬಹುದಲ್ವಾ?’ ದುಡ್ಡಿದ್ರೆ ಇಟ್ಕೊಳ್ಳಿ. ಆದ್ರೆ ಅವರಿಗೆ ಏನು, ಎಷ್ಟು, ಯಾವಾಗ ಅಂತ ಹೇಳೋರು ಯಾರು? ಅದೂ ಅಮ್ಮನ ತಲೆ ಮೇಲೇ ಬಿದ್ರೆ ಏನೂ ಬದಲಾಗಿಲ್ಲ.

‘ನಮ್ಮಮ್ಮ ಯಾರನ್ನೂ ಅಡುಗೆಮನೆಗೆ ಬಿಡಲ್ಲ.’ ನಮ್ಮಮ್ಮನೂ ಬಿಡ್ತಿರಲಿಲ್ಲ. ನಾನು ಮೊದಲ ಸಲ ಸಾರು ಮಾಡಿದಾಗ ಬಾಗಿಲಲ್ಲಿ ನಿಂತು ಒದ್ದಾಡಿದ್ಲು. ಅವಳ ಅಧಿಕಾರ ಇದ್ದಿದ್ದೇ ಆ ಜಾಗದಲ್ಲಿ, ಬಿಟ್ಟುಕೊಡೋದು ಸುಲಭ ಅಲ್ಲ. ಅದನ್ನ ಕಿತ್ಕೊಳ್ಳಬೇಡಿ. ಶಿಷ್ಯರಾಗಿ ಹೋಗಿ. ಕುರ್ಚಿ ಹಾಕಿ ಕೂರಿಸಿ, ‘ಹೇಳು, ನಾನು ಮಾಡ್ತೀನಿ’ ಅನ್ನಿ. ಬೈಸ್ಕೊಳ್ಳಿ. ನನ್ನ ಸಾಸಿವೆ ಮೂರು ದಿನ ಸೀದುಹೋಯ್ತು, ನಾಲ್ಕನೇ ದಿನ ಸಿಡಿಯೋದು ಕೇಳಿಸ್ತು.

‘ಈ ಆಪರೇಷನ್ ಮಾಡಿಸ್ಕೊಳ್ಳಿ ಅಂತ ಹೇಳ್ತಿದೀಯಾ?’ ಇಲ್ಲ. ಅದು ಡಾಕ್ಟರಿಗೂ ಪೇಷಂಟಿಗೂ ಬಿಟ್ಟಿದ್ದು. ಮಾಡಿಸ್ಕೊಂಡವರ ಮನೇಲಿ ನೀವಿದ್ರೆ ಏನು ಮಾಡ್ಬೇಕು ಅಂತ ಮಾತ್ರ ಹೇಳ್ತಿದೀನಿ.

‘ನಮ್ಮನೇಲಿ ಯಾರಿಗೂ ಇಂಥ ಆಪರೇಷನ್ ಇಲ್ಲ ಮಗಾ, ನಾವ್ಯಾಕೆ ಓದ್ಬೇಕು?’ ಇರಲಿ. ಗರ್ಭಕೋಶದ ಆಪರೇಷನ್ ಇರಬಹುದು, ಡೆಂಗ್ಯೂ ಇರಬಹುದು, ಕಾಲು ಜಾರಿ ಬಿದ್ದು ಕೈ ಮುರಿಬಹುದು. ಅವತ್ತು ನಿಮ್ಮನೆ ಅಡುಗೆಮನೆ ಎಷ್ಟು ರೆಡಿ ಇದೆ ಅಂತ ಪರೀಕ್ಷೆ ಮಾಡೋಕೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಮ್ಮನ್ನ ಹೊರಗೆ ಟಿವಿ ಮುಂದೆ ಕೂರಿಸಿ. ಒಂದೇ ಒಂದು ಪ್ರಶ್ನೆ ಕೇಳದೆ ಅನ್ನ, ತಿಳಿಸಾರು ಮಾಡಿ ಬಡಿಸಿ. ‘ಬೇಳೆ ಎಲ್ಲಿ?’ ಅಂತ ಬಾಯಿಗೆ ಬಂದ್ರೆ, ಅಲ್ಲೇ ನಿಮ್ಮ ಮಾರ್ಕ್ಸ್ ಸಿಕ್ತು.

ಹುಡುಗ್ರೇ, ಮುಖ್ಯವಾಗಿ ನಿಮಗೇ ಹೇಳಿದ್ದು. ಹಾಸ್ಟೆಲಲ್ಲಿ ಮ್ಯಾಗಿ ಮಾಡೋದನ್ನ ಅಡುಗೆ ಅಂತ ಲೆಕ್ಕಕ್ಕೆ ತರಬೇಡಿ.

ಮೊನ್ನೆ ಯುಗಾದಿಗೆ ಹೋಳಿಗೆ ಮಾಡಿದ್ವಿ. ಹೂರಣ ರುಬ್ಬಿದ್ದು ಅಪ್ಪ, ತಟ್ಟಿದ್ದು ತಂಗಿ, ಬೇಯಿಸಿದ್ದು ನಾನು. ಒಂದೂ ಗುಂಡಗಿರಲಿಲ್ಲ. ಅಮ್ಮ ಒಂದರ ಅಂಚು ಮುರಿದು, ಬೆರಳಗಲ, ಬಾಯಿಗೆ ಹಾಕ್ಕೊಂಡು ನಿಧಾನ ಅಗಿದ್ಲು. ಎಷ್ಟು ಸಲ ಅಂತ ತಂಗಿ ಎಣಿಸಿದ್ಲು. ಇಪ್ಪತ್ತಾರು. ‘ಉಪ್ಪು ಮರೆತಿದೀರ’ ಅಂದ್ಳು.

ಸೇವ್ ಮಾಡ್ಕೊಳ್ಳಿ. ಅಪ್ಪಂದಿರಿಗೆ ಕಳ್ಸಿ.

#ಅಡುಗೆಮನೆಯಾರದ್ದು #ಅಮ್ಮನಆಪರೇಷನ್ #ಒಳಲೆ #ಹಾಸನ #ಕನ್ನಡ